ಕಿರ್ ಎಂದ ಕುರ್ಚಿ

ಆ ಡಬ್ಬ ಬಂದಾಗ ನಾನು ಮನೆಯಲ್ಲಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹುರುಳೀಕಾಯಿ ತರಲು ಹೋಗಿದ್ದೆ. ವಾಪಸ್ಸಾಗುವಷ್ಟರಲ್ಲಿ ಕೊರಿಯರ್ ಹುಡುಗ ಕಸ್ಟಮ್ಸ್ ಸುಂಕದ ಚೀಟಿಯನ್ನು ನನ್ನವಳ ಕೈಗೆ ಕೊಟ್ಟಾಗಿತ್ತು.

"ಎಂಟುನೂರು ರೂಪಾಯಿ ಸಿ.ಡಿ. ಅಂದಿದ್ರಿ. ಸುಂಕವೇ ಇಷ್ಟಾದ್ರೆ ಮಾಲಿಗೆ ಎಷ್ಟಾಯ್ತು ರೀ?"

ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು. ಆದರೆ ಈ ಥರದ ತಿರುಗುಮುರುಗು ಲೆಕ್ಕ ಅವಳಿಗೇ ಬೇಗ ಹತ್ತುತ್ತದೆ.

ಡಬ್ಬದಲ್ಲಿದ್ದದ್ದು ಇಂಗ್ಲೆಂಡಿನ ರಾಕ್ ಹಾಡುಗಾರರಾದ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್'. 1967ರ ಆ ಆಲ್ಬಂಗೆ ಐವತ್ತು ತುಂಬಿದ ನೆಪದಲ್ಲಿ 2017ರಲ್ಲಿ ತಂದ ದೊಡ್ಡ ಆವೃತ್ತಿ: ನಾಲ್ಕು ಸಿ.ಡಿ., ಒಂದು ಡಿವಿಡಿ, ಒಂದು ಬ್ಲೂ-ರೇ, 144 ಪುಟದ ಪುಸ್ತಕ. ನಮ್ಮ ಮನೆಯಲ್ಲಿ ಬ್ಲೂ-ರೇ ಹಾಕುವ ಯಂತ್ರವೇ ಇಲ್ಲ. ಆ ಹೊತ್ತಿನಲ್ಲಿ ಅದನ್ನೂ ಹೇಳುವುದು ಬೇಡವೆನಿಸಿತು.

"ಇದು ನಮ್ಮಲ್ಲಿ ಇದೆಯಲ್ಲ?"

ಇದೆ. ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಸವೆದ ಕಾಲೇಜು ಕಾಲದ ಕ್ಯಾಸೆಟ್ಟು, ಬಡ್ತಿ ಸಿಕ್ಕಾಗ ಕೊಂಡ ಸಿ.ಡಿ., ಸದ್ದು ತೊಳೆದು ಮಡಿ ಮಾಡಿ 2009ರಲ್ಲಿ ಬಿಟ್ಟ ಇನ್ನೊಂದು ಸಿ.ಡಿ., 2014ರ ಮೋನೋ ಎಲ್ಪಿ, ಅಂದರೆ ಎಲ್ಲ ಸದ್ದೂ ಒಂದೇ ದಾರಿಯಲ್ಲಿ ಬರುವ, ಮುಳ್ಳಿಟ್ಟು ಕೇಳುವ ದೊಡ್ಡ ತಟ್ಟೆ. ಇದು ಐದನೆಯದು.

ಪಾಠ ಮಾಡಲು ಹೊರಟೆ. ಆಗ ಇಂಗ್ಲೆಂಡಿನ ಮನೆಗಳಲ್ಲಿ ಮೋನೋ ಪ್ಲೇಯರೇ ಹೆಚ್ಚು. ಬೀಟಲ್ಸ್ ಹುಡುಗರು ಪಕ್ಕದಲ್ಲಿ ಕೂತು ಮುತುವರ್ಜಿಯಿಂದ ಮಾಡಿಸಿದ್ದು ಮೋನೋ ಮಿಶ್ರಣ. ಸದ್ದನ್ನು ಎಡಬಲಕ್ಕೆ ಹಂಚುವ ಸ್ಟೀರಿಯೋವನ್ನು ಸ್ಟುಡಿಯೋದವರು ಅವರಿಲ್ಲದೆಯೇ ಕೆಲವೇ ದಿನದಲ್ಲಿ ಮುಗಿಸಿದರು. ಮನೆ ಬಿಟ್ಟು ಹೋಗುವ ಹುಡುಗಿಯ ಹಾಡೊಂದಿದೆ, 'ಶೀ ಈಸ್ ಲೀವಿಂಗ್ ಹೋಮ್'. ಮೋನೋದಲ್ಲಿ ಅದರ ವೇಗ ಜಾಸ್ತಿ, ಶ್ರುತಿಯೂ ಮೇಲೆ. ಹಳೇ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಈ ಡಬ್ಬಕ್ಕಾಗಿ ಸ್ಟೀರಿಯೋವನ್ನು ಹೊಸದಾಗಿ ಬೆರೆಸುವಾಗ ಆ ವೇಗವನ್ನೇ ಹಿಡಿದಿದ್ದಾರೆ.

"ಅಂದ್ರೆ ಅದೇ ಹುಡುಗಿ ಎಂಟೊಂಬತ್ತು ಸೆಕೆಂಡು ಮುಂಚೆ ಮನೆ ಬಿಡ್ತಾಳೆ. ಅಷ್ಟೇ ತಾನೆ?"

"ಹಾಗಲ್ಲ ಕಣೇ..."

"ನಿನ್ನೆ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಅಂತ ನಾನೂ ಬಡಿಸ್ತೀನಿ. ಸುಂಕ ಕೇಳಲ್ಲ."

ರೋಲಿಂಗ್ ಸ್ಟೋನ್ಸ್ ತಂಡದ ವಿಷಯ ಹೇಳಿದ್ದರೆ ಇನ್ನೂ ಏನನ್ನುತ್ತಿದ್ದಳೋ. ಅವರ 1968ರ 'ಬೆಗರ್ಸ್ ಬ್ಯಾಂಕ್ವೆಟ್' ಕಣ್ತಪ್ಪಿನಿಂದ ತುಸು ನಿಧಾನ ವೇಗದಲ್ಲೇ ಅಚ್ಚಾಗಿ, 2002ರ ಮರುಬಿಡುಗಡೆಯಲ್ಲಿ ಸರಿಹೋಯಿತು. ಅಲ್ಲಿಯವರೆಗೆ ಅಷ್ಟೇ ನಿಧಾನವಾಗಿ ತಲೆದೂಗಿದವರಲ್ಲಿ ನಾನೂ ಒಬ್ಬ. ವುಡ್‌ಸ್ಟಾಕ್ ಸಂಗೀತೋತ್ಸವದ 38 ಸಿ.ಡಿ.ಗಳ ಡಬ್ಬದ ಸುದ್ದಿಯನ್ನಂತೂ ಮನೆಯಲ್ಲಿ ಎತ್ತಿಯೇ ಇಲ್ಲ.

ಮಾವನವರು ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲೇ ಇದ್ದರು. ಪೇಪರ್ ಇಲ್ಲ, ಟಿ.ವಿ. ಇಲ್ಲ, ಕಪ್ಪು ಕನ್ನಡಕ. ಬಿಡುವಾಗಿದ್ದದ್ದು ಕಿವಿ ಮಾತ್ರ. ಇಂಥ ಡಬ್ಬಗಳಲ್ಲಿ ಹಾಡಿಗಿಂತ ಹಾಡಾಗದೆ ಉಳಿದದ್ದೇ ಹೆಚ್ಚು. ಒಂದೇ ಹಾಡನ್ನು ಮತ್ತೆ ಮತ್ತೆ ಮುದ್ರಿಸಿದ ಒಂದನೇ ಟೇಕು, ನಾಲ್ಕನೇ ಟೇಕು, ಏಳನೇ ಟೇಕು. 'ಸ್ಟ್ರಾಬೆರಿ ಫೀಲ್ಡ್ಸ್' ಮೂರನೇ ಸಲ ಶುರುವಾದದ್ದೇ ತಡ, "ನಿಮ್ಮ ಯಂತ್ರ ಸಿಕ್ಕಿಹಾಕ್ಕೊಂಡಿದೆ ಅಳಿಯಂದ್ರೆ" ಎನ್ನುತ್ತ ತಡವಿಕೊಂಡು ಬಂದು, ಹಳೇ ರೇಡಿಯೋಗೆ ಕೊಡುವಂತೆ ಎರಡು ಕೊಟ್ಟರು. ಯಂತ್ರ ನಿಂತೇಹೋಯಿತು.

ಮಾರನೇ ದಿನ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ತನ್ನ ಹಾಡಿಗೆ ಲಂಡನ್ನಿನಲ್ಲಿದ್ದ ಭಾರತೀಯ ವಾದ್ಯಗಾರರಿಗೆ ಪಾಠ ಹೇಳಿಕೊಡುವ ಭಾಗ ಬಂತು. ಮಾವ ಮೆಚ್ಚಿಕೊಂಡರು. "ತಂಬೂರಿ ಚೆನ್ನಾಗಿದೆ. ಕಛೇರಿ ಎಷ್ಟೊತ್ತಿಗೆ?"

ಆದರೆ ಅವರ ಮನಸ್ಸು ಗೆದ್ದದ್ದು ಬೇರೆಯೇ. 'ಎ ಡೇ ಇನ್ ದ ಲೈಫ್' ಹಾಡನ್ನು ಎಲ್ಲರೂ ಬಾಯಿ ಮುಚ್ಚಿ 'ಮ್‌ಮ್‌ಮ್' ಎಂದು ಗುಂಯ್‌ಗುಟ್ಟುವ ಮೂಲಕ ಮುಗಿಸಬೇಕೆಂದು ಮೊದಲು ಅಂದುಕೊಂಡಿದ್ದರು. 1967ರ ಫೆಬ್ರವರಿ 10ರಂದು ಮಾಡಿಯೂ ನೋಡಿದರು. ಆಮೇಲೆ ಅದನ್ನು ಬಿಸಾಕಿ, ಹಲವು ಪಿಯಾನೋಗಳನ್ನು ಒಟ್ಟಿಗೆ ಬಡಿದ ಈಗಿನ ಮುಕ್ತಾಯವನ್ನಿಟ್ಟರು. ಬಿಸಾಕಿದ್ದು ಈ ಡಬ್ಬದಲ್ಲಿದೆ, 8ರಿಂದ 11ನೇ ಟೇಕಿನವರೆಗೆ. ಗುಂಯ್ ಶುರುವಾದೊಡನೆ ಮಾವ ಬೆನ್ನು ನೆಟ್ಟಗೆ ಮಾಡಿ, ಹೆಬ್ಬೆರಳಿನಿಂದ ಕಿವಿ ಮುಚ್ಚಿ ಭ್ರಾಮರಿ ಪ್ರಾಣಾಯಾಮಕ್ಕೆ ಕೂತೇಬಿಟ್ಟರು. ಅತ್ತ ಲಂಡನ್ನಿನಲ್ಲಿ ಯಾರೋ ತಡೆಯಲಾರದೆ ನಕ್ಕರು.

"ಪ್ರಾಣಾಯಾಮದಲ್ಲಿ ನಗಬಾರದು" ಎಂದರು ಮಾವ. ಮುಚ್ಚಿದ ಕಿವಿಗೆ ಅದು ಹೇಗೆ ಕೇಳಿಸಿತೋ. ಅಂದಿನಿಂದ ಬೆಳಗ್ಗೆ ಕಾಫಿಗೆ ಮುಂಚೆ, "ಅಳಿಯಂದ್ರೆ, ಆ ಗುಂಯ್ ಹಾಕಿ."

ಎಲ್ಪಿಯ ಕಥೆ ಇನ್ನೊಂದು. ಹಾಡೆಲ್ಲ ಮುಗಿದ ಮೇಲೆ ಅದರಲ್ಲಿ ಸುಮಾರು 15,000 ಹರ್ಟ್ಸ್‌ನ ಒಂದು ಕೀರಲು ಸದ್ದಿದೆ, ನಾಯಿಗಳಿಗೆಂದೇ ಹಾಕಿದ ತಮಾಷೆ. ಅದರ ಬೆನ್ನಿಗೆ ಒಂದು ಅಸಂಬದ್ಧ ಮಾತು. ಅದು ತಟ್ಟೆಯ ಕಟ್ಟಕಡೆಯ ಸುತ್ತಿನಲ್ಲಿರುವುದರಿಂದ ಮುಳ್ಳು ಎತ್ತುವವರೆಗೂ ತಿರುಗುತ್ತಲೇ ಇರುತ್ತದೆ. ಕೀರಲು ಸದ್ದಿಗೆ ಮಗ ಕಿವಿ ಮುಚ್ಚಿಕೊಂಡ. ಪಕ್ಕದ ಮನೆ ಟಾಮಿ ಕಾಂಪೌಂಡಿನಾಚೆಯಿಂದ ಬೊಗಳಿತು. ಐವತ್ತೆಂಟು ದಾಟಿದ ನನ್ನ ಕಿವಿಗೆ ಏನೂ ಇಲ್ಲ. ಐದು ಸಲ ದುಡ್ಡು ತೆತ್ತವನಿಗೆ ಕೇಳದ್ದು ಟಾಮಿಗೆ ಬಿಟ್ಟಿ! ಇನ್ನೊಂದು ರಾತ್ರಿ ಅದೇ ತಟ್ಟೆ ಹಾಕಿಕೊಂಡು ಕೂತಲ್ಲೇ ನಿದ್ದೆಹೋದೆ. ಬೆಳಗ್ಗೆ ಮಾವ ಮಗಳನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟುತ್ತಿದ್ದರು: "ರಾತ್ರಿಯಿಡೀ ಯಾರೋ ಅದೇ ಮಾತು ಹಿಡಕೊಂಡು ಜಗಳ ಆಡ್ತಿದ್ರು. ನೀವಿಬ್ರೂ ಅಲ್ಲ ತಾನೆ?"

ಇಷ್ಟಾದ ಮೇಲಾದರೂ ನಾನು ಸುಮ್ಮನಿರಬೇಕಿತ್ತು. ಆದರೆ ದುಡ್ಡಿಗೆ ಸಮಜಾಯಿಷಿ ಕೊಡುವ ಚಪಲ. ಆ ಕೊನೆಯ ಪಿಯಾನೋ ನಾದ ನಲವತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಉಳಿಯುತ್ತದೆ. ಅದು ಕ್ಷೀಣಿಸಿದಂತೆಲ್ಲ ಧ್ವನಿಮುದ್ರಕರು ಮಟ್ಟ ಏರಿಸುತ್ತ ಹೋದದ್ದರಿಂದ ಸ್ಟುಡಿಯೋದ ಸಣ್ಣಪುಟ್ಟ ಸದ್ದೆಲ್ಲ ಒಳಬಂದಿದೆ. ಕೊನೆಯಲ್ಲಿ ಒಂದು ಕುರ್ಚಿ ಕಿರ್ ಎನ್ನುತ್ತದೆ. ಬೂಟು ಎನ್ನುವವರೂ ಇದ್ದಾರೆ. ನನ್ನದು ಕುರ್ಚಿಯ ಪಕ್ಷ. ಮನೆಯವರನ್ನೆಲ್ಲ ಕೂರಿಸಿ, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು...

ಕಿರ್.

"ಕೇಳಿಸಿತಾ!"

"ಅದು ನಿಮ್ಮ ಕುರ್ಚಿ ರೀ" ಎಂದಳು.

ಮತ್ತೆ ಹಾಕಿದೆ. ಸರಿಯಾಗಿ ಆ ಕ್ಷಣಕ್ಕೆ ಕುಕ್ಕರ್ ಕೂಗಿತು. ಮೂರನೇ ಸಲಕ್ಕೆ ನೆಲದ ಮೇಲೆ ಕೂತೆ. ನನ್ನ ಮಂಡಿಯೇ ಲಟಕ್ ಎಂದಿತು. ಮಾವನವರಿಗೆ ಅಯ್ಯೋ ಅನ್ನಿಸಿರಬೇಕು. ಸಂಜೆ ನಾನು ವಾಕಿಂಗ್ ಹೋಗಿದ್ದಾಗ ಕೊಬ್ಬರಿ ಎಣ್ಣೆ ಬಾಟ್ಲು ಹಿಡಿದು, ಮನೆಯ ಆರೂ ಕುರ್ಚಿಗಳ ಕೀಲುಕೀಲಿಗೂ ಹಚ್ಚಿ ಕಾಯುತ್ತಿದ್ದರು. "ಈಗ ಹಾಕಿ ನೋಡೋಣ."

ಹಾಕಿದೆ. ನಾದ ಕರಗುತ್ತ ಬಂತು. ಮನೆಯೆಲ್ಲ ನಿಶ್ಶಬ್ದ.

ಕಿರ್.

ಮಾವ ಕಪ್ಪು ಕನ್ನಡಕ ಮೇಲೆತ್ತಿ ಕುರ್ಚಿಗಳನ್ನೆಲ್ಲ ಒಂದೊಂದಾಗಿ ಅಲುಗಿಸಿ ನೋಡಿದರು. "ಬಾಟ್ಲು ಖಾಲಿಯಾಯ್ತಲ್ಲ ಅಳಿಯಂದ್ರೆ. ಎಲ್ಲೀದು ಈ ಕುರ್ಚಿ?"

"ಲಂಡನ್ನಿಂದು, ಮಾವ."

"ಅದಕ್ಕೇ. ನಮ್ಮ ಸಾಗುವಾನಿಯಾಗಿದ್ರೆ ಹೀಗಾಗ್ತಿರಲಿಲ್ಲ."