ಕಂಪನಿಯ ಲೆಕ್ಕದಲ್ಲಿ ನಾಡಿನ ಸ್ವಭಾವ ಕಾಣುತ್ತದೆಯೇ?

ಪರ

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರಿಗಳನ್ನು ‘ಈ ವರ್ಷ ಹ್ಯಾಂಗದ ರೀ?’ ಅಂತ ಕೇಳಿ. ‘ಏನೋ ನಡದದ ರೀ’ ಅನ್ನುತ್ತಾರೆ. ಲಾಭ ಜಾಸ್ತಿ ಆದ ವರ್ಷವೂ ಅದೇ ಮಾತು. ದೃಷ್ಟಿ ತಾಗೀತು, ಉದ್ರಿ ಕೇಳುವವರು ಬಂದಾರು ಎಂಬ ಅಳುಕು. ದೊಡ್ಡ ಕಂಪನಿಗಳಿಗೂ ಇಂಥ ಅಳುಕು ಇರುತ್ತದೆ, ದೇಶಕ್ಕೊಂದು ಬಗೆಯಲ್ಲಿ. ಎಷ್ಟು ಮುಚ್ಚಿಡಬೇಕು, ಲಾಭವನ್ನು ಎಷ್ಟು ಕೈ ಬಿಗಿಹಿಡಿದು ತೋರಿಸಬೇಕು ಎಂಬುದರ ಬೇರು ಆಯಾ ಸಮಾಜದ ಮೌಲ್ಯಗಳಲ್ಲಿದೆ ಎಂದು ಲೆಕ್ಕಶಾಸ್ತ್ರದ ವಿದ್ವಾಂಸ ಸಿಡ್ನಿ ಗ್ರೇ 1988ರಲ್ಲೇ ವಾದಿಸಿದ್ದರು.

ಜರ್ಮನಿಯ ಕಾರು ಕಂಪನಿ ಡೈಮ್ಲರ್-ಬೆಂಜ್ ನೋಡಿ. 1993ರಲ್ಲಿ ಅದು ನ್ಯೂಯಾರ್ಕ್ ಷೇರುಪೇಟೆಗೆ ಹೋಯಿತು. ಆ ವರ್ಷ ಜರ್ಮನ್ ಲೆಕ್ಕದಲ್ಲಿ 61.5 ಕೋಟಿ ಮಾರ್ಕ್ ಲಾಭ. ಅಮೆರಿಕದ ನಿಯಮದಂತೆ ಬರೆದರೆ ಸುಮಾರು 184 ಕೋಟಿ ಮಾರ್ಕ್ ನಷ್ಟ! ಸುಗ್ಗಿಯಲ್ಲಿ ಹಗೇವಿಗೆ ಜೋಳ ತುಂಬಿ ಬರಗಾಲದಲ್ಲಿ ತೆಗೆಯುವ ಹಾಗೆ, ಒಳ್ಳೆಯ ವರ್ಷಗಳಲ್ಲಿ ಸದ್ದಿಲ್ಲದೆ ಎತ್ತಿಟ್ಟದ್ದನ್ನು ಕೆಟ್ಟ ವರ್ಷ ಹೊರಗೆ ತೆಗೆದಿದ್ದರು. ಅಲ್ಲಿ ಅದು ಮೋಸವಲ್ಲ, ಜಾಣತನ.

ವಿರೋಧ

ಡೈಮ್ಲರ್ ಕಥೆ ನಮ್ಮ ಕಡೆಯೇ ಸಾಕ್ಷಿ ಹೇಳುತ್ತದೆ ಅಲ್ವಾ? ಅದೇ ಕಾರ್ಖಾನೆ, ಅದೇ ಜರ್ಮನ್ನರು, ಅದೇ ವರ್ಷ. ಬದಲಾದದ್ದು ನಿಯಮ ಮಾತ್ರ. ಸಾಲ ಕೊಟ್ಟ ಬ್ಯಾಂಕಿನವರೇ ಅಲ್ಲಿ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕೂರುತ್ತಿದ್ದರು. ಅವರಿಗೆ ಒಳಗೇ ಎಲ್ಲ ಗೊತ್ತಾಗುವಾಗ ಊರಿಗೆಲ್ಲ ಯಾಕೆ ಹೇಳಬೇಕು? ತೆರಿಗೆಯೂ ಅದೇ ಲೆಕ್ಕದ ಮೇಲೆ ನಿಂತಿತ್ತು. ಲಾಭ ಕಡಿಮೆ ತೋರಿಸಿದಷ್ಟೂ ಉಳಿತಾಯ. ಇದಕ್ಕೆ ಸುಮ್ನೆ ಸಂಸ್ಕೃತಿ ಅಂತ ದೊಡ್ಡ ಹೆಸರು.

ಗಂಜ್‌ನವರ ಗುಟ್ಟೂ ಅಷ್ಟೇ. ಬ್ಯಾಂಕಿನಿಂದ ಕ್ಯಾಶ್ ಕ್ರೆಡಿಟ್ (ದಾಸ್ತಾನಿನ ಮೇಲಿನ ಸಾಲ) ಪಡೆದ ದಾಲ್‌ಮಿಲ್ ಮಾಲೀಕರು ತಿಂಗಳಾ ತಿಂಗಳಾ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್, ಅಂದರೆ ದಾಸ್ತಾನಿನ ಲೆಕ್ಕ, ಕೊಡುತ್ತಾರೆ. ದೃಷ್ಟಿಯ ಭಯ ಆಗ ಎಲ್ಲಿ ಹೋಯಿತು? ಹಿಂದೆ ಬಹಳ ವ್ಯಾಪಾರಿಗಳು ದೀಪಾವಳಿಯಿಂದ ದೀಪಾವಳಿಗೆ ಲೆಕ್ಕದ ವರ್ಷ ಹಿಡಿಯುತ್ತಿದ್ದರು. 1989ರಿಂದ ಆದಾಯ ತೆರಿಗೆಗೆ ಎಲ್ಲರಿಗೂ ಮಾರ್ಚ್ 31 ಕಡ್ಡಾಯವಾಯಿತು. ಕಿರ್ದಿಗೆ ಪೂಜೆ ಈಗಲೂ ದೀಪಾವಳಿಗೇ, ಲೆಕ್ಕ ಮುಗಿಸುವುದು ಮಾರ್ಚಿಗೆ. ಯಾರೂ ತಕರಾರು ಮಾಡುತ್ತಿಲ್ಲ.

ಇನ್ನು ಸುಳ್ಳು ಲೆಕ್ಕ. 2001ರಲ್ಲಿ ಅಮೆರಿಕದ ಎನ್ರಾನ್, 2009ರಲ್ಲಿ ನಮ್ಮ ಪಕ್ಕದ ಹೈದರಾಬಾದಿನ ಸತ್ಯಂ, 2011ರಲ್ಲಿ ಜಪಾನಿನ ಒಲಿಂಪಸ್ ಕಂಪನಿಗಳು ಸಿಕ್ಕಿಬಿದ್ದವು. ಮೂರು ದೇಶಗಳ ನಡೆನುಡಿಗೆ ಒಂದಕ್ಕೊಂದು ಸಂಬಂಧವಿಲ್ಲ. ಸತ್ಯಂ ಇಲ್ಲದ 5,040 ಕೋಟಿ ರೂಪಾಯಿಯನ್ನು ತನ್ನ ಲೆಕ್ಕದಲ್ಲಿ ನಗದು ಮತ್ತು ಬ್ಯಾಂಕಿನಲ್ಲಿರುವ ಹಣ ಎಂದು ತೋರಿಸಿತ್ತು. ಖಾತೆಯಲ್ಲಿ ಎಷ್ಟಿದೆ ಎಂಬ ಪತ್ರವನ್ನು ಆಡಿಟರ್‌ಗಳು ಕಂಪನಿಯ ಕೈಯಿಂದ ಪಡೆಯದೆ ನೇರವಾಗಿ ಬ್ಯಾಂಕುಗಳಿಂದಲೇ ತರಿಸಿಕೊಂಡಿದ್ದರೆ, ಆ ಸುಳ್ಳು ಅಷ್ಟು ವರ್ಷ ನಡೆಯುತ್ತಿರಲಿಲ್ಲ.