ಓಡುವ ಫೈಲನ್ನು ನಡೆಸಿ, ನಿಂತ ದುಡ್ಡನ್ನು ಇಂಗಿಸಿ

ಕೋಲಾರ ಜಿಲ್ಲೆಯಲ್ಲಿರುವ ನಮ್ಮ ಸೋದರಮಾವನ ಎರಡು ಎಕರೆ ಹೊಲದಲ್ಲಿ ಈ ಸಲ ಸರ್ಕಾರಿ ಯೋಜನೆಗಳ ಆರು ಬೋರ್ಡುಗಳು ಎದ್ದಿವೆ. ರಾಗಿ ಎದ್ದಿಲ್ಲ. ಬೋರ್ಡಿನ ಮೇಲೆ ನೆರಳು ಬೀಳುತ್ತದೆ ಅಂತ ಬದುವಿನ ಹೊಂಗೆ ಮರದ ಒಂದು ಕೊಂಬೆಯನ್ನೂ ಕಡಿದಿದ್ದಾರೆ. ಫೋಟೋ ಚೆನ್ನಾಗಿ ಬರಬೇಕಲ್ವಾ.

ಆರರಲ್ಲೂ ‘ಸಮಗ್ರ’ ಅನ್ನೋ ಪದ ಇದೆ. ಸಮಗ್ರ ಭೂಮಿ, ಸಮಗ್ರ ನೀರು, ಸಮಗ್ರ ಅಭಿವೃದ್ಧಿ.

“ಸಮಗ್ರ ಅಂದ್ರೆ ಏನ್ ಮಾವ?” ಅಂತ ಕೇಳಿದೆ.

“ಎಲ್ರೂ ಸೇರಿ ಮಾಡೋದು ಅಂತಪ್ಪಾ. ಎಲ್ರೂ ಬಂದಿದ್ರು. ಒಬ್ರು ಬಂದ ದಿನ ಇನ್ನೊಬ್ರು ಬರಲಿಲ್ಲ, ಅಷ್ಟೇ.”

ನಡೆದಿದ್ದು ಇಷ್ಟು. ಒಂದು ಇಲಾಖೆ ಬಂದು ಇಳಿಜಾರಿಗೆ ಅಡ್ಡ ಬದು ಹಾಕಿತು. ಇನ್ನೊಂದು ಇಲಾಖೆ ಪೈಪ್ ಎಳೆಯಲು ಆ ಬದು ಒಡೆಯಿತು. ಮೂರನೆಯದು ಬದುವಿನ ಮೇಲೆ ಸಸಿ ನೆಡಲು ಗುಂಡಿ ತೋಡಿತು. ಬದು ಹೋಗಿತ್ತು, ಸಸಿ ಬರಲಿಲ್ಲ, ಗುಂಡಿ ಉಳಿಯಿತು. ನಾಲ್ಕನೆಯದು ಅದೇ ಗುಂಡಿಗಳನ್ನು ಇಂಗುಗುಂಡಿ ಅಂತ ಎಣಿಸಿ ಬರೆದುಕೊಂಡು ಹೋಯಿತು. ಉಳಿದ ಎರಡು ಇಲಾಖೆಗಳು ಏನು ಮಾಡಿದವು ಅಂತ ಮಾವನಿಗೆ ನೆನಪಿಲ್ಲ. ಬೋರ್ಡ್ ನೋಡಿದರೆ ‘ಪೂರ್ಣಗೊಂಡಿದೆ’ ಅಂತಿದೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಕೋಲಾರ ಬರಗಾಲದ ಸೀಮೆ, ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಆದರೂ ವರ್ಷಕ್ಕೆ ಹೆಚ್ಚೂಕಡಿಮೆ 700 ಮಿಲಿಮೀಟರ್ ಮಳೆ ಬೀಳುತ್ತದೆ. ಅಂದರೆ ಒಂದು ಎಕರೆಗೆ 28 ಲಕ್ಷ ಲೀಟರ್. ಮಾವನ ಎರಡು ಎಕರೆಗೆ 56 ಲಕ್ಷ. 6,000 ಲೀಟರ್ ಟ್ಯಾಂಕರಿನ ಲೆಕ್ಕದಲ್ಲಿ 900 ಲೋಡಿಗಿಂತ ಜಾಸ್ತಿ ನೀರು, ಆಕಾಶದಿಂದ ಹೊಲದ ಬಾಗಿಲಿಗೇ ಡೆಲಿವರಿ. ಇದಕ್ಕೆ ಟೆಂಡರ್ ಕರೆಯೋಕೆ ಆಗಲ್ಲ, ಅದೇ ತೊಂದರೆ. ಟೆಂಡರ್ ಇಲ್ಲದ ನೀರನ್ನು ಯಾರು ತಾನೇ ನಂಬುತ್ತಾರೆ? ಅದು ಬಂದ ದಾರಿಯಲ್ಲೇ ಮೇಲ್ಮಣ್ಣು ಎತ್ತಿಕೊಂಡು ಹೊರಟುಹೋಗುತ್ತದೆ. ಬೇಸಿಗೆಯಲ್ಲಿ ಮಾವ ಟ್ಯಾಂಕರಿಗೆ ಫೋನ್ ಮಾಡುತ್ತಾನೆ.

ಮಳೆ ನೀರು, ಮಣ್ಣು ಉಳಿಸುವ ಜಲಾನಯನದವರದ್ದು ಒಂದು ಹಳೆಯ ಗೋಡೆಬರಹ ಇದೆ. ಓಡುವ ನೀರನ್ನು ನಡೆಯುವಂತೆ ಮಾಡಿ, ನಡೆಯುವ ನೀರನ್ನು ತೆವಳುವಂತೆ ಮಾಡಿ, ತೆವಳುವ ನೀರನ್ನು ನಿಲ್ಲಿಸಿ, ನಿಂತ ನೀರನ್ನು ಇಂಗಿಸಿ. ಇಷ್ಟು ಚೆಂದದ ಮಾತನ್ನು ಯಾರೂ ಪಾಲಿಸುವುದಿಲ್ಲ ಅಂತ ದೂರಬೇಡಿ. ಫೈಲಿನ ವಿಷಯದಲ್ಲಿ ಅಕ್ಷರಶಃ ಪಾಲಿಸುತ್ತಿದ್ದಾರೆ. ರಾಜಧಾನಿಯಿಂದ ಓಡಿ ಬರುವ ಫೈಲು ಜಿಲ್ಲೆಯಲ್ಲಿ ನಡೆಯುತ್ತದೆ, ತಾಲ್ಲೂಕಿನಲ್ಲಿ ತೆವಳುತ್ತದೆ, ಊರಿನ ಹೊತ್ತಿಗೆ ನಿಲ್ಲುತ್ತದೆ. ಜೊತೆಗೆ ಬಂದ ದುಡ್ಡು ಆ ಹೊತ್ತಿಗೆ ಎಲ್ಲೆಲ್ಲೋ ಇಂಗಿರುತ್ತದೆ. ಅಂತರ್ಜಲ ಮಟ್ಟ ಯಾರ ಮನೆಯ ಕೆಳಗೆ ಏರಿದೆ ಅಂತ ಊರಿಗೆಲ್ಲ ಗೊತ್ತು.

ಇನ್ನು ನೀಲಗಿರಿ ಕಥೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸಾಮಾಜಿಕ ಅರಣ್ಯ ಬಂತು. ರಾಗಿ ಹೊಲಗಳಲ್ಲಿ ಸಾಲುಸಾಲು ನೀಲಗಿರಿ ಎದ್ದಿತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ನರ್ಸರಿಗೇ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿ ಬಂದರು. ಆಮೇಲೆ 2001ರಲ್ಲಿ ಸುಜಲ ಯೋಜನೆ ಬಂತು. ಕೋಲಾರವೂ ಸೇರಿ ಐದು ಒಣ ಜಿಲ್ಲೆಗಳಲ್ಲಿ ಮಣ್ಣು, ನೀರು ಉಳಿಸುವ ಕೆಲಸ. ಅದರ ಹಿಂದೆಯೇ ಕೆರೆಗಳ ಹೂಳೆತ್ತುವ ಯೋಜನೆ. ಸಾಲ ಯಾರದ್ದು? ಅದೇ ಬ್ಯಾಂಕಿನದ್ದು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ನೆಡೋಕೆ ಒಂದು ಸಾಲ, ಒಣಗಿದ ಮೇಲೆ ನೀರು ಹುಡುಕೋಕೆ ಇನ್ನೊಂದು ಸಾಲ. ನೀಲಗಿರಿಯೊಂದೇ ಎಲ್ಲ ಕುಡಿದಿದ್ದು ಅಂತ ನಾನು ಹೇಳಲ್ಲ, ಬೋರ್‌ವೆಲ್‌ಗಳೂ ಕಡಿಮೆ ಕುಡಿದಿಲ್ಲ. ಆದರೆ ಬಾರ್ ಇಟ್ಟವನೇ ವ್ಯಸನಮುಕ್ತಿ ಶಿಬಿರವನ್ನೂ ನಡೆಸಿದ್ದು ನಮ್ಮ ಕಡೆಯೇ ಇರಬೇಕು.

ಊರಿನ ಮಳೆ ಬೇಡ ಅಂದಮೇಲೆ ಪರಊರಿನ ನೀರು ಬೇಕಲ್ಲ. ಅದಕ್ಕೆ ಎತ್ತಿನಹೊಳೆ ಯೋಜನೆ ಇದೆ. ಪಶ್ಚಿಮ ಘಟ್ಟದಿಂದ ಈ ಕಡೆಗೆ 24 ಟಿಎಂಸಿ ನೀರು ತರೋದು. 2024ರ ಗೌರಿ ಹಬ್ಬದ ದಿನ ಮೊದಲ ಹಂತದ ಉದ್ಘಾಟನೆಯೂ ಆಯಿತು. ಅಂದಾಜು ವೆಚ್ಚ 8,323 ಕೋಟಿಯಲ್ಲಿ ಶುರುವಾಗಿ 23,251 ಕೋಟಿಗೆ ಹೋಯಿತು. ನೀರಿಗಿಂತ ಮೊದಲು ವೆಚ್ಚ ಘಟ್ಟ ಹತ್ತಿತು.

ಅಷ್ಟರಲ್ಲಿ 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳು ನೊರೆಯೂ ಬಂತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅನ್ನೋದು ಲೆಕ್ಕ. ಕೆಲವು ಕಡೆ ಸತ್ತ ಬೋರ್‌ವೆಲ್ ಮತ್ತೆ ಉಸಿರಾಡಿದ್ದು ನಿಜ, ಅದನ್ನು ಮುಚ್ಚಿಡೋದು ಬೇಡ. ಆದರೆ ದಾರಿ ನೋಡಿ. ಕಾವೇರಿ ಬೆಂಗಳೂರಿಗೆ ಹತ್ತಿ, ಒಂದು ಕೋಟಿ ಜನರ ಹೊಟ್ಟೆ, ಬಚ್ಚಲು ಎಲ್ಲ ಸುತ್ತಿ ಕೋಲಾರಕ್ಕೆ ಬರುತ್ತಾಳೆ. ಕೋಲಾರದಿಂದ ಟೊಮೆಟೊ ಲಾರಿ ಹತ್ತಿ ವಾಪಸ್ ಬೆಂಗಳೂರಿಗೆ. ಸಮಗ್ರ ಅಂದ್ರೆ ಇದೇ ಇರಬೇಕು.

ಈಗ ಮಾವನ ಕೃಷಿ ಹೊಂಡಕ್ಕೆ ಬರೋಣ.

ಮಳೆ ನೀರು ಹಿಡಿಯೋಕೆ ಅಂತ ತೋಡಿಸಿದ ಹೊಂಡ ಅದು. ಎಲ್ಲಿ ತೋಡಿದರು? ಹೊಲದ ಎತ್ತರದ ಮೂಲೆಯಲ್ಲಿ. ಯಾಕೆ ಅಂದರೆ ಜೆಸಿಬಿ ಅಲ್ಲಿಯತನಕ ಮಾತ್ರ ಸಲೀಸಾಗಿ ಬರುತ್ತಿತ್ತು. ನೀರು ತಗ್ಗಿಗೆ ಹರಿಯುತ್ತೆ ಸಾಮಿ ಅಂತ ಮಾವ ಹೇಳಿದ. ಬಂದವರು ಮೊಬೈಲ್ ತೋರಿಸಿದರು. ಅಕ್ಷಾಂಶ, ರೇಖಾಂಶ ಎರಡೂ ಸರಿಯಾಗಿತ್ತು. ಎತ್ತರ ತುಂಬೋಕೆ ಫಾರಂನಲ್ಲಿ ಜಾಗ ಇರಲಿಲ್ಲ.

ಹೊಂಡಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದರು, ನೀರು ಇಂಗಬಾರದು ಅಂತ. ಪಕ್ಕದಲ್ಲೇ ‘ನೀರು ಇಂಗಿಸಿ’ ಅನ್ನೋ ಬೋರ್ಡ್. ಮಳೆ ನೀರು ಹೊಂಡದ ಹತ್ತಿರವೂ ಸುಳಿಯಲಿಲ್ಲ. ಖಾಲಿ ಹೊಂಡದ ಫೋಟೋಗೆ ಸಹಾಯಧನದ ಕೊನೇ ಕಂತು ಬರಲ್ಲ. ಹಾಗಾಗಿ ಮಾವ 1,200 ಅಡಿ ಬೋರ್‌ವೆಲ್‌ನಿಂದ ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗಲೆಲ್ಲ ನೀರೆತ್ತಿ ಹೊಂಡ ತುಂಬಿಸಿದ. ಹಗಲು ಸೂರ್ಯ ಅದನ್ನು ಕುಡಿದ. ಇದು ಮಾವನೊಬ್ಬನ ಕಥೆಯಲ್ಲ, ಆ ಕಡೆ ಹೋಗುವಾಗ ರಸ್ತೆಯ ಎರಡೂ ಬದಿ ನೋಡಿ. ಆಕಾಶದ ನೀರನ್ನು ಭೂಮಿಗೆ ಇಳಿಸೋಕೆ ಬಂದ ಯೋಜನೆ ಭೂಮಿಯ ನೀರನ್ನು ಆಕಾಶಕ್ಕೆ ಹತ್ತಿಸುತ್ತಿದೆ.

ಹೋದ ತಿಂಗಳು ಇಲಿಗಳು ಪ್ಲಾಸ್ಟಿಕ್ ಹಾಳೆಯನ್ನು ಕಡಿದವು. ಒಂದೇ ರಾತ್ರಿ ಹೊಂಡದ ನೀರೆಲ್ಲ ಇಂಗಿಹೋಯಿತು. ನಾಲ್ಕು ದಿನ ಬಿಟ್ಟು, ಕೆಳಗಿನ ಹೊಲದಲ್ಲಿ ಎಷ್ಟೋ ವರ್ಷದಿಂದ ಕಸ ತುಂಬಿದ್ದ ಹಳೇ ಬಾವಿಯಲ್ಲಿ ಮೊಣಕಾಲುದ್ದ ನೀರು ಕಾಣಿಸಿತು. ಊರವರು ಬಂದು ಇಣುಕಿ ನೋಡಿ ಹೋದರು. ಒಬ್ಬಳು ಅಜ್ಜಿ ಅರಿಶಿನ ಕುಂಕುಮವನ್ನೂ ಹಾಕಿದಳು.

ಮಾವನಿಗೆ ನೋಟಿಸ್ ಬಂತು. ಸರ್ಕಾರಿ ಸಹಾಯಧನದಲ್ಲಿ ನಿರ್ಮಿಸಿದ ಹೊಂಡದಿಂದ ನೀರು ಇಂಗಲು ಬಿಟ್ಟಿದ್ದು ಯಾಕೆ, ಏಳು ದಿನದಲ್ಲಿ ಉತ್ತರ ಕೊಡಿ ಅಂತ. ಮಾವ ಒಂದೇ ಸಾಲು ಬರೆಸಿ, ಆರು ಕಚೇರಿಗೂ ಒಂದೊಂದು ಪ್ರತಿ ಕಳಿಸಿದ:

“ಕೆಲಸ ಮಾಡಿದ್ದು ಇಲಿ. ಅದು ಯಾವ ಇಲಾಖೆದು ಅಂತ ತಿಳಿಸಿದರೆ, ಏಳನೇ ಬೋರ್ಡು ನಾನೇ ನನ್ನ ಖರ್ಚಲ್ಲಿ ಹಾಕಿಸ್ತೀನಿ ಸಾಮಿ.”