17 ಇಂಚಿನ ಮರ್ಯಾದೆ

ಚಿಕ್ಕಮಗಳೂರಿನಲ್ಲಿ ಮೊದಲೆಲ್ಲ ಮನುಷ್ಯನ ಯೋಗ್ಯತೆಯನ್ನು ಎಕರೆಯಲ್ಲಿ ಅಳೆಯುತ್ತಿದ್ದರು. ಎಷ್ಟು ಎಕರೆ ತೋಟ, ಅದರಲ್ಲಿ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು ಅಂತ ಕೇಳಿದರೆ ಮುಗೀತು, ಬೇರೆ ವಿಚಾರಣೆ ಬೇಕಿರಲಿಲ್ಲ. ಈಗ ಅಳತೆ ಇಂಚಿಗೆ ಇಳಿದಿದೆ. ಕಾರಿನ ಚಕ್ರ ಎಷ್ಟು ಇಂಚು? 14 ಅಂದರೆ ಒಂದು ಲೋಟ ನೀರು ಕೊಟ್ಟು ಕಳಿಸುತ್ತಾರೆ. 16 ಅಂದರೆ ಕಾಫಿ ಬರುತ್ತದೆ. 17 ಇಂಚಿನ ಅಲಾಯ್ (ಅಲ್ಯುಮಿನಿಯಂ ಮಿಶ್ರಲೋಹದ ಚಕ್ರ) ಅಂದರೆ ಊಟ ಮಾಡಿಸದೆ ಬಿಡುವುದಿಲ್ಲ.

ನಮ್ಮ ಬೀದಿಯ ಹುಡುಗನೊಬ್ಬ ಈ ಊಟಕ್ಕೆ ಅರ್ಹನಾಗಿದ್ದಾನೆ. ಅವನದು ಸಣ್ಣ ಕಾರು. ಕಂಪನಿಯಿಂದ ಬರುವಾಗ 165/80 ಆರ್ 14 ಟೈರ್, ಸಾದಾ ಸ್ಟೀಲ್ ಡಿಸ್ಕ್, ಮೇಲೊಂದು ಪ್ಲಾಸ್ಟಿಕ್ ಕ್ಯಾಪ್ ಇತ್ತು. ಅದನ್ನೆಲ್ಲ ಬಿಚ್ಚಿಸಿ 205/45 ಆರ್ 17 ಹಾಕಿಸಿದ. ಈ ನಂಬರ್ ಓದುವುದೇನೂ ಕಷ್ಟವಿಲ್ಲ. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕದ ಗೋಡೆಯ ಎತ್ತರ, ಅಗಲದ ನೂರಕ್ಕೆ ಇಷ್ಟು ಅಂತ. ಕೊನೆಯದು ರಿಮ್ಮಿನ, ಅಂದರೆ ಟೈರು ಕೂರುವ ಲೋಹದ ಚಕ್ರದ ವ್ಯಾಸ, ಇಂಚಿನಲ್ಲಿ. ಲೆಕ್ಕ ಹಾಕಿ ನೋಡಿ. ಹಳೇ ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 132 ಮಿಲಿಮೀಟರ್ ರಬ್ಬರು, ಗಾಳಿ ಇತ್ತು. ಹೊಸದರಲ್ಲಿ 92. ಚಕ್ರದ ಒಟ್ಟು ಎತ್ತರ ಮಾತ್ರ ಎರಡರಲ್ಲೂ 62 ಸೆಂಟಿಮೀಟರಿನ ಆಸುಪಾಸು. ಅಂದರೆ ಕಾರು ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಪುಕ್ಕಟೆ ಸಿಕ್ಕಿದ್ದ ಗಾಳಿಯನ್ನು ತೆಗೆಸಿ, ಆ ಜಾಗಕ್ಕೆ ದುಡ್ಡು ಕೊಟ್ಟು ಲೋಹ ತುಂಬಿಸಿಕೊಂಡ.

ಇದು ಒಂದು ಕಡೆಯ ಪಾರ್ಟಿ. ಇನ್ನೊಂದು ಕಡೆ ನಮ್ಮ ರಸ್ತೆಗುಂಡಿಗಳಿವೆ. ಅವೇನು ಸುಮ್ನೆ ಕೂತಿಲ್ಲ. ಜೂನಿನಲ್ಲಿ 12 ಇಂಚು ಇದ್ದದ್ದು ಆಗಸ್ಟ್ ಹೊತ್ತಿಗೆ 14 ಆಗಿ, ದಸರಾಕ್ಕೆ ಸರಿಯಾಗಿ 17ಕ್ಕೆ ಬಂದು ನಿಲ್ಲುತ್ತವೆ. ಜನ ಅಪ್‌ಸೈಜ್ ಮಾಡಿಸಿದಷ್ಟೂ ರಸ್ತೆಯೂ ಅಪ್‌ಸೈಜ್. ವ್ಯತ್ಯಾಸ ಒಂದೇ: ಚಕ್ರಕ್ಕೆ ಕಂತು ಕಟ್ಟಬೇಕು, ಗುಂಡಿಗೆ ಮಳೆಯೇ ಹಣ ಹಾಕುತ್ತದೆ. ಇಷ್ಟು ಶಿಸ್ತಾಗಿ, ವೇಳೆಗೆ ಸರಿಯಾಗಿ ಬೆಳೆಯುವ ಸರ್ಕಾರಿ ಆಸ್ತಿ ಜಿಲ್ಲೆಯಲ್ಲಿ ಬೇರೊಂದಿಲ್ಲ. ನನ್ನದೊಂದು ಸಲಹೆ ಇದೆ. ಗುಂಡಿ ಮುಚ್ಚುವ ಕಷ್ಟ ಯಾರಿಗೂ ಬೇಡ. ಪ್ರತಿ ಗುಂಡಿಯ ಮುಂದೆ ಅಳತೆಯ ಬೋರ್ಡು ಹಾಕಿಸಿದರೆ ಸಾಕು. 'ಮುಂದೆ ಗುಂಡಿ. 80ರ ಟೈರಿನವರು ನಿಧಾನವಾಗಿ ಚಲಿಸಿ. 45ರವರು ಮನೆಯವರಿಗೆ ಫೋನ್ ಮಾಡಿ ಚಲಿಸಿ.' ಉದ್ಘಾಟನೆಗೂ ಒಂದು ನೆಪವಾಯಿತು.

ಗುಂಡಿಯ ಅಂಚಿಗೆ ಚಕ್ರ ಹೊಡೆದಾಗ ಮೊದಲು ಬಾಗಬೇಕಾದ್ದು ಆ ಪಕ್ಕದ ಗೋಡೆ. ಅದು ಎತ್ತರವಿದ್ದರೆ ಬಾಗಿ, ಏಟು ನುಂಗಿ, ಮತ್ತೆ ಎದ್ದು ನಿಲ್ಲುತ್ತದೆ. ಗಿಡ್ಡ ಇದ್ದರೆ ಬಾಗಲು ಜಾಗವೆಲ್ಲಿ? ರಬ್ಬರು ಗುಂಡಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಒಳಗಿನ ನೂಲಿನ ಪದರ ಕಡಿದುಹೋಗುತ್ತದೆ. ಸಂಜೆ ನೋಡಿದರೆ ಟೈರಿನ ಪಕ್ಕದಲ್ಲಿ ಗುಳ್ಳೆ. ಪಂಕ್ಚರ್ ಅಂಗಡಿಯವರು ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, 'ಇದು ಪ್ಯಾಚ್ ಹಾಕೋ ಜಾಗ ಅಲ್ಲ ಸಾರ್, ಟೈರೇ ಎಸೀರಿ' ಅನ್ನುತ್ತಾರೆ. ರಿಮ್ಮಿನ ಕಥೆ ಬೇರೆ. ಹಳೇ ಸ್ಟೀಲ್ ಡಿಸ್ಕ್ ಸೊಟ್ಟಗಾದರೆ ಸುತ್ತಿಗೆಯಲ್ಲಿ ನಾಲ್ಕು ಬಡಿದು ಮನೆ ಸೇರಬಹುದಿತ್ತು. ಎರಕದ ಅಲಾಯ್ ಏಟು ಜೋರಾದರೆ ಬಿರುಕು ಬಿಡುತ್ತದೆ.

'ಅಲಾಯ್ ಹಗುರ ಅಂಕಲ್, ಪಿಕಪ್ ಜಾಸ್ತಿ ಆಗುತ್ತೆ' ಅಂತ ಹುಡುಗ ನನಗೇ ಪಾಠ ಮಾಡಿದ. ಅಲ್ಯುಮಿನಿಯಂ ಹಗುರ, ನಿಜ. ಆದರೆ 14ರ ಸ್ಟೀಲಿಗೆ 17ರ ಅಗ್ಗದ ಅಲಾಯ್ ಹೋಲಿಸಿದರೆ? ಎರಕದ ರಿಮ್ಮು ಗಟ್ಟಿಯಾಗಿರಲಿ ಅಂತ ದಪ್ಪ ಹೊಯ್ದಿರುತ್ತಾರೆ, ಅಗಲ ಜಾಸ್ತಿ, ಮೇಲೆ ಅಗಲದ ಟೈರು ಬೇರೆ. ಒಂದೊಂದು ಚಕ್ರಕ್ಕೆ ನಾಲ್ಕೈದು ಕಿಲೋ ಏರಿಕೊಳ್ಳುವುದು ಅಪರೂಪವೇನಲ್ಲ. ನಮ್ಮೂರಲ್ಲಿ ಮೆಣಸನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಜಗಳ ಆಡುವವರಿದ್ದಾರೆ. ಅವರೇ ಅಲಾಯ್ ಕೊಳ್ಳುವಾಗ ತೂಕ ಎಷ್ಟು ಅಂತ ಕೇಳಿದ್ದನ್ನು ನಾನು ನೋಡಿಲ್ಲ. ಫಳಫಳ ಹೊಳೆದರೆ ಹಗುರವೇ ಇರಬೇಕು ಅಂತ ನಂಬಿಕೆ.

ಚಕ್ರದ ಭಾರ ಡಿಕ್ಕಿಯ ಭಾರದ ಹಾಗಲ್ಲ. ತೋಟದಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಗಲಿನ ಚೀಲದಲ್ಲಿ ಎರಡು ಕಿಲೋ ಇದ್ದರೆ ಗೊತ್ತೇ ಆಗಲ್ಲ. ಅದೇ ಎರಡು ಕಿಲೋ ಕೆಸರು ಗಂಬೂಟಿಗೆ ಮೆತ್ತಿಕೊಂಡರೆ ಸಂಜೆ ಹೊತ್ತಿಗೆ ತೊಡೆ ಬಿದ್ದುಹೋಗುತ್ತದೆ. ಚಕ್ರ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ರಿಮ್ಮಿನ ಹೊರ ಅಂಚಿಗೆ ಒಂದು ಕಿಲೋ ಸೇರಿಸಿದರೆ, ವೇಗ ಹೆಚ್ಚಿಸುವಾಗ ಇಂಜಿನ್ ಅದನ್ನು ಎರಡು ಕಿಲೋ ಹತ್ತಿರ ಹೊರಬೇಕಾಗುತ್ತದೆ. ಬ್ರೇಕಿಗೂ ಅದೇ ಶಿಕ್ಷೆ. ಆದರೂ ನ್ಯಾಯವಾಗಿ ಹೇಳಬೇಕು, ಪಿಕಪ್ಪಿನ ಮೇಲೆ ಇದರ ಪೆಟ್ಟು ಜನ ಹೆದರಿಸುವಷ್ಟಿಲ್ಲ. ದೊಡ್ಡ ಪೆಟ್ಟು ಬೀಳುವುದು ಕೆಟ್ಟ ರಸ್ತೆಯಲ್ಲಿ. ಚಕ್ರ, ಟೈರು, ಬ್ರೇಕು ಇವೆಲ್ಲ ಸ್ಪ್ರಿಂಗಿನ ಕೆಳಗಿನ ಭಾರ. ಹಗುರವಿದ್ದರೆ ಉಬ್ಬು ಬಂದಾಗ ಚಕ್ ಅಂತ ಎದ್ದು, ಚಕ್ ಅಂತ ಇಳಿದು ಮತ್ತೆ ನೆಲ ಹಿಡಿಯುತ್ತವೆ. ಭಾರವಿದ್ದರೆ ಎದ್ದದ್ದು ಇಳಿಯುವುದೇ ತಡ. ಅಷ್ಟು ಹೊತ್ತು ಟೈರಿಗೆ ಹಿಡಿತ ಕಮ್ಮಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ, ಮಳೆಯಲ್ಲಿ, ಸ್ಟೇರಿಂಗ್ ತಿರುಗಿಸಿದ ಮೇಲೂ ಕಾರು ನೇರಕ್ಕೆ ಹೋಗಲು ನೋಡುವುದು ಆ ಹೊತ್ತಿನಲ್ಲೇ. ಅಗಲದ ಟೈರು ನೀರನ್ನೂ ಜಾಸ್ತಿ ತಳ್ಳಬೇಕು. ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಬೇಗ ತೇಲುತ್ತದೆ. ಮಲೆನಾಡಿನಲ್ಲಿ ನೀರು ನಿಲ್ಲದ ರಸ್ತೆ ಎಲ್ಲಿದೆ ಅಂತ ಬಲ್ಲವರು ತಿಳಿಸಬೇಕು.

ಹುಡುಗನ ಅಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. ಮೊಮ್ಮಗನ ಕಾರಿನಲ್ಲಿ ಹೊರನಾಡು ದೇವಸ್ಥಾನಕ್ಕೆ ಹೋಗಿ ಬಂದ ರಾತ್ರಿ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ, 'ನಿಮ್ಮಪ್ಪನ ಆ ಹಳೇ ಮಾರುತಿಯೇ ಸುಖವಾಗಿತ್ತಲ್ಲೋ' ಅಂದರಂತೆ. ಹಳೇ ಮಾರುತಿ 800ರದ್ದು 12 ಇಂಚಿನ ಚಕ್ರ. ಪಕ್ಕದ ಗೋಡೆ 101 ಮಿಲಿಮೀಟರ್. ಆ ಪುಟ್ಟ ಕಾರಿನಲ್ಲೂ ಮೊಮ್ಮಗನ ಕಾರಿಗಿಂತ ಜಾಸ್ತಿ ಮೆತ್ತೆ ಇತ್ತು. ಅಜ್ಜಿಯ ಸೊಂಟ ಟೇಪು ಹಿಡಿಯದೆ ಅಳೆದಿದೆ.

ಹಾಗಾದರೆ ದೊಡ್ಡ ರಿಮ್ಮು ಶುದ್ಧ ದಂಡವಾ? ಅಲ್ಲ. ನುಣ್ಣನೆಯ ರಸ್ತೆಯಲ್ಲಿ ಗಿಡ್ಡ ಗೋಡೆಯ ಟೈರು ಕಮ್ಮಿ ಓಲಾಡುತ್ತದೆ, ಸ್ಟೇರಿಂಗ್ ತಿರುಗಿಸಿದ ತಕ್ಷಣ ಮಾತು ಕೇಳುತ್ತದೆ. ರಿಮ್ಮಿನ ಒಳಗೆ ದೊಡ್ಡ ಬ್ರೇಕಿಗೂ ಜಾಗವಾಗುತ್ತದೆ. ನಮ್ಮ ಹುಡುಗನ ಬ್ರೇಕು ಮಾತ್ರ ಹಳೆಯದೇ. 17 ಇಂಚಿನ ಅಲಾಯ್ ಸಂದಿಯಲ್ಲಿ ಅದು ಸಂಕೋಚದಿಂದ ಇಣುಕುತ್ತಿದೆ. ಇನ್ನೊಂದು ಮಾತು. ಲೋಕದ ಅತಿ ವೇಗದ ರೇಸು ಅನ್ನಿಸಿಕೊಂಡ ಫಾರ್ಮುಲಾ ಒನ್‌ನಲ್ಲಿ 2021ರವರೆಗೂ ಓಡಿದ್ದು 13 ಇಂಚಿನ ಚಕ್ರ. 2022ರಲ್ಲಷ್ಟೇ ಅವರು 18ಕ್ಕೆ ಬಂದರು. ಅಲ್ಲಿಯವರೆಗೂ ಆ ಕಾರುಗಳು ನಮ್ಮೂರಿನ ಐಜಿ ರಸ್ತೆಗೆ ಬಂದಿದ್ದರೆ ಇಂಚು ಕೇಳಿ ನೀರು ಕೊಟ್ಟು ಕಳಿಸುತ್ತಿದ್ದೆವು.

ಕಾರು ಓಡಿಸುವವನಿಗೆ ತನ್ನ ಚಕ್ರ ಕಾಣುವುದೇ ಇಲ್ಲ, ಗಮನಿಸಿದ್ದೀರಾ? ಅದು ಕಾಣುವುದು ಹನುಮಂತಪ್ಪ ಸರ್ಕಲ್ಲಿನಲ್ಲಿ ನಿಂತವರಿಗೆ. ಅವರು ಪುಕ್ಕಟೆ ನೋಡುತ್ತಾರೆ, ಇವನು ಬೆನ್ನುಮೂಳೆಯಿಂದ ಟಿಕೆಟ್ ದುಡ್ಡು ಕೊಡುತ್ತಾನೆ. ಕಂಪನಿಗಳೇನು ಸುಬಗರಲ್ಲ. ಟಾಪ್ ಮಾಡೆಲ್ ಬೇಕೆಂದರೆ ದೊಡ್ಡ ರಿಮ್ಮೂ ಜೊತೆಗೇ ಬರುತ್ತದೆ. ಸಣ್ಣ ರಿಮ್ಮಿನ ಬೇಸ್ ಮಾಡೆಲ್ ಗುಂಡಿಯಲ್ಲಿ ಮೆತ್ತಗೆ ಹೋಗುತ್ತದೆ ಅಂತ ಯಾವ ಜಾಹೀರಾತಿನಲ್ಲೂ ಹೇಳುವುದಿಲ್ಲ. ಹೇಳಿದರೂ ನಾವು ನಂಬಬೇಕಲ್ಲ!

ಹೋದ ಮಳೆಗಾಲದಲ್ಲಿ ಕೊಟ್ಟಿಗೆಹಾರದ ಹತ್ತಿರ ಹುಡುಗನ ಎಡಗಡೆ ಮುಂದಿನ ಟೈರು ಒಡೆಯಿತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಅದೇ ಹಳೇ 14ರ ಸ್ಟೀಲು. ಐದನೇ ಅಲಾಯ್ ಯಾಕೆ ಅಂತ ಅಂಗಡಿಯವರು ನಾಲ್ಕೇ ಕೊಟ್ಟಿದ್ದರು. ಮೂರು ಹೊಳೆಯುವ ಚಕ್ರ, ಒಂದು ಕರಿ ಡಿಸ್ಕು ಹಾಕಿಕೊಂಡು ಊರಿಗೆ ಬಂದ. ದಾರಿಯುದ್ದಕ್ಕೂ ಗುಂಡಿ ಬಂದಾಗ ಬೇಕೆಂದೇ ಎಡಗಡೆ ಚಕ್ರವನ್ನೇ ಇಳಿಸಿದನಂತೆ. ಬುದ್ಧಿ ಬಂದದ್ದಕ್ಕಲ್ಲ, ಬಲಗಡೆಯ ಅಲಾಯ್ ಉಳಿಸಲಿಕ್ಕೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ನೋಂದಣಿಯ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸಬಾರದು ಅನ್ನುತ್ತದೆ. ರಸ್ತೆಯನ್ನು ಕಂಟ್ರಾಕ್ಟರ್ ಕೊಟ್ಟ ಹಾಗೇ ಉಳಿಸಬೇಕು ಅಂತ ಮಳೆಗೆ ಯಾರೂ ಕಲಂ ಬರೆದಿಲ್ಲ.

ಈಚೆಗೆ ಒಂದು ಪವಾಡ ಆಯಿತು. ನಮ್ಮ ಬೀದಿಗೆ ಡಾಂಬರು ಬಂತು. ಯಾರೋ ದೊಡ್ಡವರು ಮದುವೆಗೆ ಬರುವವರಿದ್ದರು. 17 ಇಂಚಿಗೆ ಹೇಳಿ ಮಾಡಿಸಿದ ಕಪ್ಪು ನುಣ್ಣನೆಯ ರಸ್ತೆ. ಹುಡುಗರು ರೊಯ್ಯಂತ ಹೋಗಲು ಶುರು ಮಾಡಿದರು. ವಾರದೊಳಗೆ ಬೀದಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟರು, ಹಂಪ್ ಬಂತು. ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿಲೋಮೀಟರ್ ವೇಗದಲ್ಲಿ ನೆಮ್ಮದಿಯಾಗಿ ದಾಟಬೇಕು. ನಮ್ಮದು ಒಂದೂವರೆ ಅಡಿ ಅಗಲ. ಎತ್ತರ ಅಳೆಯಲು ಹೋದವರು ಎಡವಿ ಬಿದ್ದರು. ಮನೆಗೊಂದರಂತೆ ಹಂಪು. ಯಾರಿಗೂ ಅನ್ಯಾಯ ಆಗಬಾರದಲ್ವಾ?

ಕಾರಿನ ಹೊಟ್ಟೆ ಹಂಪಿಗೆ ಉಜ್ಜತೊಡಗಿದ ಮೇಲೆ ಹುಡುಗ ಮತ್ತೆ ರಿಮ್ ಅಂಗಡಿಗೆ ಹೋದ.

'ಅಣ್ಣ, 215/45 ಆರ್ 18 ಹಾಕಿದ್ರೆ ಗಾಡಿ ಮೇಲೆ ಏಳುತ್ತಾ?'

'ಒಂದೂವರೆ ಸೆಂಟಿಮೀಟರ್ ಏಳುತ್ತೆ ಮಾರಾಯ.'

ಅಂಗಡಿಯವರು ಸುಳ್ಳು ಹೇಳಲಿಲ್ಲ, ಏಳುತ್ತದೆ. ಚಕ್ರದ ಸುತ್ತಳತೆಯೂ ಕಂಪನಿ ಕೊಟ್ಟದ್ದಕ್ಕಿಂತ ನೂರಕ್ಕೆ ಐದು ಹಿಗ್ಗುತ್ತದೆ. ಮೊದಲು ಮೀಟರು ಸರಿಯಿತ್ತು ಅಂತಿಟ್ಟುಕೊಂಡರೆ, ಇನ್ನು ಅದು 100 ತೋರಿಸುವಾಗ ಕಾರು 105ರಲ್ಲಿರುತ್ತದೆ. ಎಲ್ಲ ಗೇರೂ ಒಂದು ಸುತ್ತು ಭಾರವಾಗುತ್ತವೆ. ಕೈಮರ ದಾಟಿ ಮುಳ್ಳಯ್ಯನಗಿರಿ ಹತ್ತುವಾಗ ಎರಡನೇ ಗೇರಿನಲ್ಲಿ ಹೋಗುತ್ತಿದ್ದ ಕಡೆ ಕೆಲವೊಮ್ಮೆ ಮೊದಲನೆಯದು ಕೇಳುತ್ತದೆ. ಪೂರ್ತಿ ಸ್ಟೇರಿಂಗ್ ತಿರುಗಿಸಿದರೆ ಟೈರು ಅದರ ಮೇಲಿನ ತಗಡಿಗೆ, ಅಂದರೆ ಫೆಂಡರಿಗೆ, ಉಜ್ಜಿದರೂ ಉಜ್ಜೀತು.

'ಫೆಂಡರ್‌ಗೆ ತಾಗಲ್ವಾ ಅಣ್ಣ?'

'ತಾಗಿದ್ರೆ ಫೆಂಡರ್ ಒಳಗಡೆ ಸ್ವಲ್ಪ ಬಡಿದು ಕೊಡೋಣ. ಗೋಲ್ಡಾ, ಬ್ಲ್ಯಾಕಾ?'